ಶಿವಬಸವ್ವ ಯಾಕೆ ಬಿದ್ದಳು?

ಹಲಸಿಯ ಶಿವಬಸವ್ವ ಮೊದಲ ಸಲ ಬಿದ್ದದ್ದು ಶ್ರಾವಣದ ಎರಡನೆಯ ಸೋಮವಾರ. ನಳದ ಕಟ್ಟೆಯ ಹತ್ತಿರ ಕೊಡ ತುಂಬಲು ನಿಂತಿದ್ದಳು. ಹಿಂದೆ ಪಾಳಿಯಲ್ಲಿ ನಿಂತವರ ಜೊತೆ ಮಾತಾಡುತ್ತಿದ್ದವಳು ಆ ಮಾತನ್ನು ಮುಗಿಸಲೇ ಇಲ್ಲ. ನಿಂತಲ್ಲೇ ಕುಸಿದಳು. ಹಣೆ ಕಟ್ಟೆಗೆ ಬಡಿಯಿತು.

ಅವಳಿಗೆ ಅರವತ್ತೆಂಟು ವರ್ಷ. ಆ ಹೊತ್ತಿನವರೆಗೆ ಒಂದು ದಿನವೂ ಹಾಸಿಗೆ ಹಿಡಿದವಳಲ್ಲ. ಅವಳ ನೆಗೆಣ್ಣಿ ಕಾಶವ್ವ ಪಾಳಿಯಲ್ಲೇ ಇದ್ದಳು. ಕಾಶವ್ವ ಅಂದರೆ ಶಿವಬಸವ್ವನ ಮೈದುನ ಬಸಲಿಂಗಪ್ಪನ ಹೆಂಡತಿ. ಬಸಲಿಂಗಪ್ಪ ತೀರಿಕೊಂಡು ಮೂರು ವರ್ಷವಾಗಿದೆ. ಎರಡೂ ಮನೆಗಳಿಗೆ ನಡುವೆ ಒಂದೇ ಗೋಡೆ.

“ಅಕ್ಕಗ ಉಪಾಸ ಐತಿ. ಪಿತ್ತ ಏರಿ ಬವಳಿ ಬಂದೈತಿ,” ಎಂದಳು ಕಾಶವ್ವ. “ಎಬ್ಬಿಸಿ ಕುಂದರಸ್ರಿ. ಯಾರರೆ ಒಂದ ಲಿಂಬಿಹಣ್ಣ ತರ್ರಿ.”

ಎಬ್ಬಿಸಿ ಕೂರಿಸಿದರು. ಲಿಂಬೆಯ ಶರಬತ್ತು ಕುಡಿಸಿದರು. ಶ್ರಾವಣ ಸೋಮವಾರ ಊರಲ್ಲಿ ಅರ್ಧ ಹೆಂಗಸರು ಉಪವಾಸ ಇರುತ್ತಾರೆ. ಹಾಗಾಗಿ ಯಾರಿಗೂ ಬೇರೆ ಯೋಚನೆ ಬರಲಿಲ್ಲ. ಗಂಡ ಗುರುಪುತ್ರಪ್ಪನವರು ಹಣೆಯ ಗಾಯಕ್ಕೆ ಅರಿಷಿಣ ಒತ್ತುತ್ತ ನಕ್ಕರು.

“ನಳದ ಕಟ್ಟಿಗೆ ಹಣಿ ಹಚ್ಚಿ ನಮಸ್ಕಾರ ಮಾಡೀಯಲ್ಲ. ಇನ್ನರೆ ದಿನಾ ನೀರ ಬರತಾವೇನ ನೋಡೂಣು.”

ಶಿವಬಸವ್ವನೂ ನಕ್ಕಳು. ಅಲ್ಲಿಗೆ ಆ ಮಾತು ಮುಗಿಯಿತು.

ನಾವು ಕಂಡ ಹಾಗೆ ಎರಡನೆಯ ಸಲ ಬಿದ್ದದ್ದು ದಸರೆ ಕಳೆದ ಮೇಲೆ, ನಮ್ಮ ಮಹಿಳಾ ಸಂಘದ ಸಭೆಯಲ್ಲಿ. ಅಂಗನವಾಡಿಯ ಕೋಣೆಯಲ್ಲಿ ಹದಿನಾಲ್ಕು ಜನ ಕೂತಿದ್ದೆವು. ಅವತ್ತು ಉಪವಾಸ ಇರಲಿಲ್ಲ. ಎರಡು ರೊಟ್ಟಿ ಉಂಡು ಬಂದಿದ್ದಳು. ನಿಂತಿರಲೂ ಇಲ್ಲ. ಗೋಡೆಗೆ ಒರಗಿ ಕೂತಿದ್ದಳು. ಕೂತವಳು ಪಕ್ಕದವಳ ತೊಡೆಯ ಮೇಲೆ ವಾಲಿಬಿಟ್ಟಳು. ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು.

ಕಾಶವ್ವ ತಂಬಿಗೆ ತೆಗೆದುಕೊಂಡು ಬಂದಳು. ನಮ್ಮ ಆಶಾ ಕಾರ್ಯಕರ್ತೆ ಪ್ರಮಿಳಾ ಅವಳ ಕೈ ಹಿಡಿದಳು.

“ನೀರ ಬ್ಯಾಡ ಕಾಶವ್ವಾಯಿ. ಎಚ್ಚರ ಇಲ್ಲದವರ ಬಾಯಾಗ ನೀರ ಹಾಕಿದ್ರ ಅದು ಉಸಿರಿನ ದಾರಿಗೆ ಹೋಕ್ಕೈತಿ.”

“ಹಂಗಾದ್ರ ಎಬ್ಬಿಸರೆ ಕುಂದರಸು.”

“ಅದೂ ಬ್ಯಾಡ. ನೆಲದ ಮ್ಯಾಲೆ ಮಲಗಸ್ರಿ. ಕಾಲ ಎತ್ತಿ ಹಿಡೀರಿ. ತಲಿಗೆ ರಗತ ಹೋಗಬೇಕು.”

ಪ್ರಮಿಳಾ ಮೊದಲು ಉಸಿರು ನೋಡಿದಳು. ಉಸಿರಿತ್ತು. ಆಮೇಲೆ ಮಣಿಕಟ್ಟು ಹಿಡಿದು ನಾಡಿ ಎಣಿಸತೊಡಗಿದಳು. ಅವಳ ತುಟಿ ಅಲ್ಲಾಡುವುದನ್ನು ನಾವು ನೋಡುತ್ತಿದ್ದೆವು. ಒಂದು ಎಂದಳು. ಎರಡು ಎನ್ನಲು ಬಹಳ ಹೊತ್ತು ಬೇಕಾಯಿತು.

ಅರ್ಧ ನಿಮಿಷದಲ್ಲಿ ಶಿವಬಸವ್ವ ಕಣ್ಣು ಬಿಟ್ಟಳು. “ಎಲ್ಲಿಗಂಟ ಬಂದಿತ್ತು ಮಾತು?” ಎಂದು ಕೇಳಿದಳು. ಎಲ್ಲರೂ ನಕ್ಕರು. ಪ್ರಮಿಳಾ ನಗಲಿಲ್ಲ.

“ಆಯಿ, ಬೀಳೂ ಮೊದಲ ಏನರೆ ಗೊತ್ತಾತೇನು? ಬೆವರು ಬಂದಂಗ, ಹೊಟ್ಟಿ ತೊಳಸಿದಂಗ?”

“ಏನೂ ಇಲ್ಲವಾ. ಲೈಟ್ ಹೋದಂಗ ಆತು, ಅಷ್ಟ.”

“ಇದು ಎಷ್ಟನೇ ಸಲ?”

“ಎರಡ,” ಎಂದಳು ಕಾಶವ್ವ.

“ನಾಕು,” ಎಂದಳು ಶಿವಬಸವ್ವ ಮೆಲ್ಲಗೆ. “ಎರಡ ಸಲ ಮನ್ಯಾಗ ಆಗೈತಿ. ಯಾರಿಗೂ ಹೇಳಿಲ್ಲ.”

ಪ್ರಮಿಳಾ ಅವಳ ಹತ್ತಿರ ಸರಿದು ಕೂತಳು. “ನೋಡ್ರಿ, ಬಿಸಲಾಗ ನಿಂತ ನಿಂತ ಬವಳಿ ಬರೂದು ಒಂದ ತರಾ. ಮಲಗಿದಾಕಿ ದಡಕ್ಕನ ಎದ್ದಾಗ ಬರೂದು ಇನ್ನೊಂದ ತರಾ. ಕುಂತಲ್ಲೆ, ಸುಳಿವ ಇಲ್ಲದ, ಮೈಗೆ ಪೆಟ್ಟಾಗೂ ಹಂಗ ಬಂದ್ರ ಅದನ್ನ ಬಿಡಬಾರದು. ಇದು ಎದಿದೂ ಇರಬಹುದು.”

“ಎದಿ ನೋವಿಲ್ಲ, ಏನಿಲ್ಲ. ಎದಿದು ಹೆಂಗಾಕ್ಕೈತಿ?” ಎಂದಳು ಕಾಶವ್ವ.

“ನೋವ ಇರಬೇಕಂತ ಇಲ್ಲರೀ. ಎದಿ ಬಡಕೋತ ಬಡಕೋತ ನಡುವ ಒಂದೀಟ ನಿಲ್ಲತೈತಿ. ಆಗ ತಲಿಗೆ ರಗತ ಇಲ್ಲ. ಮನಷ್ಯಾ ಬೀಳತಾನ. ಮತ್ತ ಬಡಕೊಂತು ಅಂದ್ರ ಎದ್ದ ಕುಂದರತಾನ. ಬಡಕೊಳ್ಳಲಿಲ್ಲ ಅಂದ್ರ ಏಳೂದಿಲ್ಲ.”

“ನೀ ಪೋಲಿಯೋ ಹನಿ ಹಾಕಾಕಿ. ಎದಿ ಡಾಕ್ಟರ ಯಾವಾಗ ಆದಿ?”

“ಡಾಕ್ಟರ ಅಲ್ಲ ನಾ. ಅದಕ್ಕ ಡಾಕ್ಟರ ಕಡೆ ಹೋಗ್ರಿ ಅನ್ನಾಕತ್ತೇನಿ.”

ಕಾಶವ್ವ ಎದ್ದು ಹೊರಗೆ ಹೋದಳು. ಅವಳಿಗೆ ಅಷ್ಟು ಸಿಟ್ಟು ಯಾಕೆ ಬಂತು ಎಂದು ನಮಗೆ ಆಗ ತಿಳಿಯಲಿಲ್ಲ.

ಮರುದಿನ ಗುರುಪುತ್ರಪ್ಪನವರು ಹೆಂಡತಿಯನ್ನು ಖಾನಾಪುರದ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪ್ರಮಿಳಾ ಜೊತೆಗೆ ಹೋದಳು. ಅಲ್ಲಿ ಡಾಕ್ಟರು ಶಿವಬಸವ್ವನನ್ನು ಕೇಳಿದ್ದಕ್ಕಿಂತ ಹೆಚ್ಚು ಪ್ರಮಿಳಾಳನ್ನು ಕೇಳಿದರು. ಮುಖದ ಬಣ್ಣ ಹೇಗಿತ್ತು, ಕೈಕಾಲು ಸೆಟೆದವೇ, ಎಷ್ಟು ಹೊತ್ತಿಗೆ ಎಚ್ಚರವಾಯಿತು, ಎಚ್ಚರವಾದ ಮೇಲೆ ತಿಳಿವಳಿಕೆ ಸರಿ ಇತ್ತೇ. ಬಿದ್ದವರಿಗೆ ತಾವು ಹೇಗೆ ಬಿದ್ದೆವೆಂದು ಗೊತ್ತಿರುವುದಿಲ್ಲ. ಕಣ್ಣಾರೆ ಕಂಡವರು ಹೋದರೆ ಅರ್ಧ ಪರೀಕ್ಷೆ ಅಲ್ಲೇ ಆಗುತ್ತದೆ.

ಮಲಗಿಸಿ ಬಿ.ಪಿ. ನೋಡಿದರು. ನಿಲ್ಲಿಸಿ ಮತ್ತೆ ನೋಡಿದರು. ಮೂರು ನಿಮಿಷ ನಿಂತ ಮೇಲೆ ಮತ್ತೊಮ್ಮೆ ನೋಡಿದರು. ಸಕ್ಕರೆ ನೋಡಿದರು. ರಕ್ತ ಕಡಿಮೆ ಇದೆಯೇ ನೋಡಿದರು. ಯಾವ ಯಾವ ಗುಳಿಗೆ ನುಂಗುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಎದೆಯ ಇ.ಸಿ.ಜಿ. ತೆಗೆದರು. ಎಲ್ಲ ಸರಿಯಾಗಿತ್ತು.

“ಅಂದ್ರ ಏನೂ ಇಲ್ಲ ಅಂದಂಗಾತು,” ಎಂದರು ಗುರುಪುತ್ರಪ್ಪನವರು.

ಡಾಕ್ಟರು ಇ.ಸಿ.ಜಿ. ಕಾಗದ ಎತ್ತಿ ಹಿಡಿದರು. “ಅಜ್ಜಾರ, ಇದು ಬರೇ ಹತ್ತ ಸೆಕೆಂಡಿಂದು. ಈ ಹತ್ತ ಸೆಕೆಂಡ ಎದಿ ಚೊಲೊ ನಡದೈತಿ. ಉಳಿದ ಹೊತ್ತಿಂದು ಇದರಾಗ ಇಲ್ಲ. ಬೆಳಗಾವಿಗೆ ಹೋಗ್ರಿ. ಎದಿದು ಎಕೋ ಅಂತ ಸ್ಕ್ಯಾನ್ ಮಾಡಸ್ರಿ. ಆಮ್ಯಾಲೆ ಹೋಲ್ಟರ್ ಅಂತ ಸಣ್ಣ ಮಷಿನ್ ಐತಿ. ಇಪ್ಪತ್ನಾಲ್ಕ ತಾಸ ಮೈಮ್ಯಾಲೆ ಇರತೈತಿ. ಎದಿ ಒಂದೊಂದ ಬಡತಾನೂ ಬರಕೊಂತೈತಿ. ತಡಾ ಮಾಡಬ್ಯಾಡ್ರಿ.”

ತಡವಾಯಿತು. ಭತ್ತ ಕೊಯ್ಲಿಗೆ ಬಂದಿತ್ತು. ಕೊಯ್ದರು, ಒಕ್ಕಿದರು, ತೂರಿದರು. ಪ್ರಮಿಳಾ ವಾರಕ್ಕೊಮ್ಮೆ ಬಂದು ಕೇಳಿದಳು. ಬೆಳಗಾವಿಗೆ ಹೋಗುವಷ್ಟರಲ್ಲಿ ಕಾರ್ತಿಕ ಮುಗಿದಿತ್ತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಎಕೋ ಆಯಿತು. ಆಮೇಲೆ ಸುಮಿತ ಎಂಬ ಕೆಲಸಗಾರ ಶಿವಬಸವ್ವನ ಎದೆಗೆ ಐದಾರು ಕಡೆ ಅಂಟು ಪಟ್ಟಿ ಹಚ್ಚಿದ. ಅವುಗಳಿಂದ ತಂತಿ ಎಳೆದು ಅಂಗೈಯಷ್ಟು ದೊಡ್ಡ ಮಷಿನ್ನಿಗೆ ಜೋಡಿಸಿದ. ಅದನ್ನು ಸೊಂಟಕ್ಕೆ ಕಟ್ಟಿದ. ಕೊರಳಲ್ಲಿದ್ದ ಲಿಂಗವನ್ನು ಜೋಪಾನವಾಗಿ ಬದಿಗೆ ಸರಿಸಿದ.

“ನಾಳೆ ಇದ ಹೊತ್ತಿಗೆ ಬರ್ರಿ ಆಯಿ. ಅಲ್ಲಿಗಂಟ ಇದನ್ನ ತಗೀಬ್ಯಾಡ್ರಿ. ನೀರ ಹತ್ತಬಾರದು. ದಿನಾ ಮಾಡೂ ಕೆಲಸ ಮಾಡ್ರಿ. ಬವಳಿ ಬಂದ್ರ, ಕಣ್ಣಿಗೆ ಕತ್ತಲಿ ಬಂದ್ರ, ಎಷ್ಟ ಗಂಟೆಕ್ಕ ಬಂತು ಅಂತ ಈ ಕಾಗದದಾಗ ಬರೀರಿ.”

ಶಿವಬಸವ್ವ ಸಣ್ಣ ದನಿಯಲ್ಲಿ ಕೇಳಿದಳು. “ಮುಂಜಾನೆ ಒಂದೆರಡ ತಂಬಿಗಿ ಮೈಮ್ಯಾಲೆ ಹಾಕ್ಕೊಂಡ್ರ?”

“ಒಂದ ಹನಿನೂ ಬ್ಯಾಡ,” ಎಂದ ಸುಮಿತ. ಹೊರಗೆ ಇನ್ನೂ ಒಂಬತ್ತು ಜನ ಕಾಯುತ್ತಿದ್ದರು. ಯಾಕೆ ಕೇಳಿದಿರಿ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಆ ರಾತ್ರಿ ಬೆಳಗಾವಿಯ ಖಾಸಬಾಗದಲ್ಲಿ, ನೇಕಾರರ ಓಣಿಯಲ್ಲಿದ್ದ ಮಗಳು ನಾಗರತ್ನಾಳ ಮನೆಯಲ್ಲಿ ಉಳಿದರು. ಬೆಳಗಿನ ಜಾವ ಓಣಿಯ ಮಗ್ಗಗಳು ಶುರುವಾಗುವ ಹೊತ್ತಿಗೆ ಶಿವಬಸವ್ವ ಎದ್ದಳು. ದಿನವೂ ಆ ಹೊತ್ತಿಗೆ ಅವಳ ಜಳಕ. ಜಳಕ ಮಾಡಿ, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ. ಪೂಜೆಯಾಗುವವರೆಗೆ ಒಂದು ಗುಟುಕು ನೀರೂ ಇಲ್ಲ. ಎಂಟನೆಯ ವಯಸ್ಸಿನಿಂದ ನಡೆಸಿಕೊಂಡು ಬಂದದ್ದು. ಹಡೆದ ಮರುದಿನವೂ ತಪ್ಪಿಸಿದವಳಲ್ಲ.

ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಎದೆಯ ಅಂಟು ಪಟ್ಟಿಗಳನ್ನು ತಂತಿಗಳ ಸಮೇತ ಕಿತ್ತು ಮಷಿನ್ನನ್ನು ಒಣ ಸೀರೆಯಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿದಳು.

ನಾಲ್ಕನೆಯ ತಂಬಿಗೆ ಎತ್ತುವಾಗ ಕಣ್ಣಿಗೆ ಕತ್ತಲೆ ಬಂತು. ನಳ ಹಿಡಿದುಕೊಂಡಳು. ಕೈ ಜಾರಿತು. ಎಚ್ಚರವಾದಾಗ ಬಚ್ಚಲ ಕಲ್ಲಿನ ಮೇಲೆ ಕೂತಿದ್ದಳು. ತಂಬಿಗೆ ದೂರ ಉರುಳಿತ್ತು. ಹೊರಗೆ ಮಗ್ಗದ ಸದ್ದಿಗೆ ಯಾರಿಗೂ ಕೇಳಿಸಿರಲಿಲ್ಲ.

ಮೈ ಒರೆಸಿಕೊಂಡಳು. ಪೂಜೆ ಮುಗಿಸಿದಳು. ಅಂಟು ಪಟ್ಟಿಗಳನ್ನು ತನಗೆ ತಿಳಿದ ಹಾಗೆ ಮತ್ತೆ ಹಚ್ಚಿಕೊಂಡಳು. ಕಾಗದ ಎದುರಿಗೇ ಇತ್ತು. ಸಂಘದಲ್ಲಿ ಅಕ್ಷರ ಕಲಿತವಳು, ಬರೆಯಲು ಬರುತ್ತಿತ್ತು. ಆದರೆ ಬಚ್ಚಲಲ್ಲಿ ಬವಳಿ ಬಂತು ಎಂದು ಬರೆದರೆ ಜಳಕ ಮಾಡಿದ್ದೂ ಗೊತ್ತಾಗುತ್ತದೆ. ಅವಳು ಬರೆಯಲಿಲ್ಲ.

ಎರಡು ದಿನಕ್ಕೆ ವರದಿ ಬಂತು. ಆಸ್ಪತ್ರೆಯ ಡಾಕ್ಟರಮ್ಮ ಅದನ್ನು ತಿರುವಿ ಹಾಕಿದರು.

“ಬೆಳಗ್ಗೆ ಐದರಿಂದ ಆಮೇಲೆ ಸರಿಯಾಗಿ ದಾಖಲೇ ಆಗಿಲ್ಲ. ಮಷಿನ್ ತೆಗೆದಿದ್ರಾ?”

“ಇಲ್ಲರೀ. ನಿದ್ದಿಗಣ್ಣಾಗ ವೈರ್ ಜಗ್ಗಿರಬೇಕು.”

“ಬವಳಿ ಬಂತಾ?”

“ಇಲ್ಲರೀ.”

“ದಾಖಲಾದ ಮಟ್ಟಿಗೆ ದೊಡ್ಡ ತೊಂದರೆ ಕಾಣ್ತಿಲ್ಲ. ಆದರೆ ಇದು ಪೂರ್ತಿ ಅಲ್ಲ. ಮುಂದಿನ ವಾರ ಬನ್ನಿ, ಇನ್ನೊಂದು ಸಲ ಹಾಕೋಣ.”

ಗುರುಪುತ್ರಪ್ಪನವರ ಕಿವಿಗೆ ಬಿದ್ದದ್ದು ‘ದೊಡ್ಡ ತೊಂದರೆ ಕಾಣ್ತಿಲ್ಲ’ ಎಂಬ ಮಾತು ಮಾತ್ರ. ಬಸ್ಸಿನಲ್ಲಿ ಬರುವಾಗ ಅವರು ಹೆಂಡತಿಗೆ ಕಿಟಕಿಯ ಜಾಗ ಕೊಟ್ಟರು. “ಸುಮ್ನ ಅಂಜಿಸಿದ್ಲು ಆ ಹುಡುಗಿ,” ಎಂದರು. ಮನೆಗೆ ಬಂದಾಗ ಕಾಶವ್ವ ಬಾಗಿಲಲ್ಲೇ ನಿಂತಿದ್ದಳು.

“ಏನಂದ್ರ ಭಾವಾರ?”

“ಏನೂ ಇಲ್ಲಂತ.”

“ನಾ ಮೊದಲ ಹೇಳಿದ್ನಿಲ್ಲ? ಪಿತ್ತ ಅದು.” ಅವಳ ಮುಖ ಎಷ್ಟು ಹಗುರಾಯಿತೆಂದರೆ ಅವಳದೇ ವರದಿ ಬಂದ ಹಾಗಿತ್ತು.

ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಪ್ರಮಿಳಾ ಕೇಳಿದರೆ ಗುರುಪುತ್ರಪ್ಪನವರು, “ಒಮ್ಮೆ ನೋಡಿ ಆಗೈತೆಲ್ಲವಾ,” ಎನ್ನುತ್ತಿದ್ದರು. ಶಿವಬಸವ್ವ ಪ್ರಮಿಳಾಳ ಮುಖ ನೋಡದೆ ಒಳಗೆ ಹೋಗುತ್ತಿದ್ದಳು.

ಸಂಕ್ರಾಂತಿಯ ಹಿಂದಿನ ದಿನ ಭೋಗಿ. ನಸುಕಿನಲ್ಲೇ ಒಲೆ ಹಚ್ಚಿ ಶಿವಬಸವ್ವ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಎಳ್ಳು ಹಚ್ಚಿದ ಆರು ರೊಟ್ಟಿ ಆಗಿದ್ದವು. ಏಳನೆಯದು ಹಂಚಿನ ಮೇಲಿತ್ತು.

ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ ಗುರುಪುತ್ರಪ್ಪನವರಿಗೆ ಸುಟ್ಟ ವಾಸನೆ ಬಂತು. ರೊಟ್ಟಿ ಸೀದಿರಬೇಕು ಎಂದುಕೊಂಡರು. “ಹಂಚಿನ ಕಡೆ ಲಕ್ಷ್ಯ ಇರಲಿ,” ಎಂದು ಅಲ್ಲಿಂದಲೇ ಕೂಗಿದರು. ಉತ್ತರ ಬರಲಿಲ್ಲ. ಇನ್ನೊಂದು ಕಟ್ಟು ಮೇವು ಬಿಚ್ಚಿ ಹಾಕಿ ಒಳಗೆ ಬಂದರು.

ಅವಳು ಒಲೆಯ ಮೇಲೆ ಎಡಕ್ಕೆ ಬಿದ್ದಿದ್ದಳು. ತಲೆ ಒಲೆಯ ಹಿಂದಿನ ಗೋಡೆಗೆ ಬಡಿದಿತ್ತು. ಎಡಗೈ ಹಂಚಿನ ಮೇಲಿತ್ತು. ಮೈಯ ಭಾರವೆಲ್ಲ ಆ ಕೈಯ ಮೇಲಿತ್ತು.

ಅವರು ಎಳೆದು ಹೊರಗೆ ಹಾಕಿದರು. ಕಾಶವ್ವ ಓಡಿ ಬಂದಳು, ಕೈ ನೋಡಿದಳು, ಬಾಗಿಲ ಚೌಕಟ್ಟು ಹಿಡಿದು ಕೂತುಬಿಟ್ಟಳು. ಪ್ರಮಿಳಾ ಬಂದು ಸುಟ್ಟ ಕೈಯ ಮೇಲೆ ತಣ್ಣೀರು ಬಿಡುತ್ತ 108ಕ್ಕೆ ಫೋನು ಮಾಡಿದಳು. ಅರಿಷಿಣ ಹಚ್ಚಲು ಬಂದವರನ್ನು ತಡೆದಳು. ತಲೆಗೆ ಬಿದ್ದ ಪೆಟ್ಟಿನಿಂದ ಮಂಕಾಗಿದ್ದ ಶಿವಬಸವ್ವನಿಗೆ ಗಾಡಿ ನಂದಗಡ ದಾಟುವ ಹೊತ್ತಿಗೆ ಪೂರ್ತಿ ಎಚ್ಚರವಾಯಿತು. ಆಗ ನೋವು ಶುರುವಾಯಿತು. ಬೆಳಗಾವಿ ಮುಟ್ಟುವವರೆಗೆ ಅವಳು ಕೂಗಿದ್ದನ್ನು ಗುರುಪುತ್ರಪ್ಪನವರು ಇವತ್ತಿಗೂ ಯಾರಿಗೂ ವರ್ಣಿಸುವುದಿಲ್ಲ.

ಕಿರುಬೆರಳು ಮತ್ತು ಅದರ ಪಕ್ಕದ ಬೆರಳನ್ನು ಕತ್ತರಿಸಿ ತೆಗೆಯಬೇಕಾಯಿತು. ಅಂಗೈಗೆ ತೊಡೆಯ ಚರ್ಮ ತಂದು ಹಚ್ಚಿದರು.

ಆರನೆಯ ದಿನ ಪ್ರಮಿಳಾ ನೋಡಲು ಹೋದಾಗ ಶಿವಬಸವ್ವ ಗಂಡನ ಎದುರಿಗೇ ಬಾಯಿ ಬಿಟ್ಟಳು.

“ಅವತ್ತ ಮಷಿನ್ ನಾನ ತಗದಿದ್ನಿ.”

ಗುರುಪುತ್ರಪ್ಪನವರಿಗೆ ತಿಳಿಯಲಿಲ್ಲ. “ಯಾವತ್ತ?”

“ನಾಗರತ್ನಾನ ಮನ್ಯಾಗ ಇದ್ದಾಗ. ಜಳಕಕ್ಕ ತಗದಿದ್ನಿ. ಜಳಕ ಇಲ್ಲದ ಲಿಂಗ ಹೆಂಗ ಮುಟ್ಲಿ? ಬಚ್ಚಲದಾಗ ಬವಳಿನೂ ಬಂದಿತ್ತು. ಕಾಗದದಾಗ ಬರೀಲಿಲ್ಲ. ಡಾಕ್ಟರಮ್ಮಗ ಸುಳ್ಳ ಹೇಳಿದೆ.”

ಅವರು ಮಂಚದ ತುದಿಗೆ ಕೂತರು. ಆಮೇಲೆ ಕೇಳಿದರು. “ನನಗರೆ ಹೇಳಬಾರದಿತ್ತ?”

“ಹೇಳಿದ್ರ ನೀವು ಜಳಕ ಮಾಡಾಕ ಬಿಡತಿರಲಿಲ್ಲ.”

“ಮೈಲಿಗಿ ಅನ್ನೂದು ನಮ್ಮಲ್ಲಿ ಎಲ್ಲೈತಿ? ಹುಟ್ಟಿದ್ರ ಇಲ್ಲ, ಸತ್ರ ಇಲ್ಲ. ಕೊರಳಾಗಿನ ಲಿಂಗ ನಾವು ಯಾವತ್ತೂ ಇಳಸೂದಿಲ್ಲ. ಜ್ವರ ಬಂದಾಗ ನಾ ಮಾರಿ ಒರಸಿಕೊಂಡು ಪೂಜಿ ಮಾಡಿಲ್ಲೇನು?”

“ನಿಮಗ ಜ್ವರ ಇತ್ತು. ನಾ ಗಟ್ಟಿ ಇದ್ನಿ.”

ಅವಳು ಬಟ್ಟೆ ಸುತ್ತಿದ ಎಡಗೈ ನೋಡಿಕೊಂಡಳು. “ಲಿಂಗ ಹಿಡಿಯೂ ಕೈನ ಹೋತು. ಸುಳ್ಳ ಹೇಳಿದ್ದಕ್ಕ ಅಂವ ಕೊಟ್ಟ ಶಿಕ್ಷಾ ಇದು.”

“ಶಿಕ್ಷಾ ಅಲ್ಲ ಆಯಿ,” ಎಂದಳು ಪ್ರಮಿಳಾ. “ಇದು ರೋಗ. ನಿಮ್ಮ ಎದಿ ನಿಲ್ಲಾಕತ್ತೈತಿ. ಇವತ್ತ ಕೈ ಹೋತು. ಇನ್ನೊಮ್ಮೆ ಬಿದ್ರ ಜೀವ ಹೋಕ್ಕೈತಿ. ಈಗರೆ ಡಾಕ್ಟರಿಗೆ ಖರೇ ಹೇಳ್ರಿ.”

ಹೇಳಿದಳು. ಡಾಕ್ಟರಮ್ಮ ಬೈಯಲಿಲ್ಲ. ಮೂರು ದಿನದ ಮಷಿನ್ ಹಾಕಲು ಹೇಳಿದರು. ಸುಮಿತನೇ ಬಂದ. ಪಟ್ಟಿ ಹಚ್ಚುವ ಮೊದಲು ಶಿವಬಸವ್ವ ಈ ಸಲ ತಾನೇ ವಿಷಯ ಎತ್ತಿದಳು. ನನ್ನದು ಹೀಗೆ ನೇಮ ಐತಿ, ಹಿಂದಿನ ಸಲ ಹೀಗೆ ಮಾಡಿದ್ದೆ ಎಂದಳು.

ಸುಮಿತ ಕೈಯಲ್ಲಿದ್ದ ತಂತಿ ಕೆಳಗಿಟ್ಟ. “ಅವತ್ತ ಹೇಳಬೇಕಿತ್ತಲ್ಲ ಆಯಿ. ನೀವು ಮುಂಜಾನೆ ಜಳಕಾ ಪೂಜಿ ಮುಗಿಸಿ ಬಂದಿದ್ರ ಆ ಮ್ಯಾಲೆ ಹಚ್ಚತಿದ್ನಿ. ಮರುದಿನ ಅಷ್ಟೊತ್ತಿಗೆ ಬರ್ರಿ ಅಂತಿದ್ನಿ. ಇಲ್ಲಾಂದ್ರ ಒಂದ ಹೊತ್ತ ಹಸಿ ಬಟ್ಟಿಲೆ ಮೈ ಒರಸಿಕೊಂಡಿದ್ರೂ ಮುಗೀತಿತ್ತು.”

ತಂತಿಯನ್ನು ಮತ್ತೆ ಎತ್ತಿಕೊಳ್ಳುತ್ತ ಅವನೇ ಹೇಳಿದ. “ನಾನೂ ಯಾಕಂತ ಕೇಳಲಿಲ್ಲ ಬಿಡ್ರಿ.”

ಆ ಮೂರು ದಿನ ನಾಗರತ್ನಾ ತಾಯಿಯ ಮೈಯನ್ನು ಒದ್ದೆ ಬಟ್ಟೆಯಿಂದ, ಪಟ್ಟಿಗಳನ್ನು ಬಿಟ್ಟು, ಒರೆಸಿದಳು. ಬೆಳಗ್ಗೆ ಗುರುಪುತ್ರಪ್ಪನವರು ಹೆಂಡತಿಯ ಲಿಂಗವನ್ನು ತಮ್ಮ ಅಂಗೈಯಲ್ಲಿ ಇಟ್ಟುಕೊಂಡು ಮಂಚದ ಬಾಜು ಕೂತರು. ಅವಳು ಬಲಗೈಯಿಂದ ವಿಭೂತಿ ಹಚ್ಚಿದಳು.

ಎರಡನೆಯ ದಿನ ನಸುಕಿನಲ್ಲಿ ಮಷಿನ್ನಿಗೆ ಸಿಕ್ಕಿತು. ಶಿವಬಸವ್ವ ಮಲಗಿದ್ದಳು. ಮಲಗಿದಲ್ಲೇ ಎದೆ ನಿಂತಿತ್ತು. ಡಾಕ್ಟರಮ್ಮ ಕಾಗದ ತಂದು ಗುರುಪುತ್ರಪ್ಪನವರಿಗೆ ತೋರಿಸಿದರು. ಗೆರೆ ಏರಿಳಿಯುತ್ತ ಬಂದು ಒಂದು ಕಡೆ ಸಪಾಟಾಗಿತ್ತು. ಉದ್ದಕ್ಕೆ ಸಪಾಟಾಗಿ ಹೋಗಿ ಮತ್ತೆ ಏರಿತ್ತು.

“ಈ ಖಾಲಿ ಜಾಗ ಏಳು ಸೆಕೆಂಡು ಅಜ್ಜಾ.”

“ಏಳು ಅಂದ್ರ ಎಷ್ಟ ಹೊತ್ತರೀ?”

“ನೀವೇ ನಿಧಾನವಾಗಿ ಎಣಿಸಿ ನೋಡಿ.”

ಅವರು ಎಣಿಸಿದರು. ಒಂದು, ಎರಡು, ಮೂರು. ನಾಲ್ಕು ಎಂದವರು ಹೆಂಡತಿಯ ಮುಖ ನೋಡಿದರು. ಮುಂದೆ ಎಣಿಸಲು ಆಗಲಿಲ್ಲ.

ಎದೆ ತಡೆದಾಗ ಅದಕ್ಕೆ ಬಡಿತ ಕೊಡುವ ಪೇಸ್‌ಮೇಕರ್ ಎಂಬ ಪುಟ್ಟ ಯಂತ್ರವನ್ನು ಚರ್ಮದ ಕೆಳಗೆ ಕೂರಿಸಬೇಕು ಎಂದರು. ಆದರೆ ಸುಟ್ಟ ಕೈಯಲ್ಲಿ ಕೀವು ತುಂಬಿತ್ತು. ಕೀವು ಇಳಿಯುವವರೆಗೆ ಅದನ್ನು ಒಳಗೆ ಇಡುವ ಹಾಗಿರಲಿಲ್ಲ. ಒಂಬತ್ತು ದಿನ ಕುತ್ತಿಗೆಯ ರಕ್ತನಾಳದಿಂದ ಎದೆಗೆ ಬಡಿತ ಕೊಡುವ ತಾತ್ಕಾಲಿಕ ತಂತಿ ಇಳಿಸಿ, ಅಲುಗಾಡದಂತೆ ಮಲಗಿಸಿದರು. ಮೊದಲೇ ತಿಳಿದಿದ್ದರೆ ಆ ಒಂಬತ್ತು ದಿನ ಬೇಕಿರಲಿಲ್ಲ. ಆ ಎರಡು ಬೆರಳೂ ಉಳಿಯುತ್ತಿದ್ದವು. ಹತ್ತನೆಯ ದಿನ ಯಂತ್ರ ಕೂರಿಸಿದರು. ಆಮೇಲೆ ಇಲ್ಲಿಯವರೆಗೆ ಶಿವಬಸವ್ವ ಬಿದ್ದಿಲ್ಲ.

ಅವಳು ಊರಿಗೆ ಬಂದ ದಿನ ನಾವೆಲ್ಲ ನೋಡಲು ಹೋದೆವು. ಕಾಶವ್ವ ಬರಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಬಂದಳು. ನಾನು ಮತ್ತು ಪ್ರಮಿಳಾ ಇನ್ನೂ ಅಲ್ಲೇ ಇದ್ದೆವು. ಕಾಶವ್ವ ಶಿವಬಸವ್ವನ ಮುಂದೆ ಕೂರದೆ ಪ್ರಮಿಳಾಳ ಮುಂದೆ ಕೂತಳು.

“ಒಂದ ಮಾತ ಕೇಳತೇನಿ. ಖರೇ ಹೇಳು. ನಮ್ಮವರೂ ಹೋಗೂ ಮೊದಲ ಎರಡ ಸಲ ಬಿದ್ದಿದ್ರು. ಒಮ್ಮೆ ಗದ್ದ್ಯಾಗ, ಒಮ್ಮೆ ಉಣ್ಣಾಕ ಕುಂತಲ್ಲೆ. ಎರಡೂ ಸಲ ಲಿಂಬಿಹಣ್ಣ ಹಿಂಡಿ ಕುಡಿಸಿದೆ. ಮೂರನೇ ಸಲ ಏಳಲಿಲ್ಲ.”

ಪ್ರಮಿಳಾ ಅವಳ ಕೈ ಹಿಡಿದುಕೊಂಡಳು.

“ಅಕ್ಕಂದು ಪಿತ್ತ ಅಲ್ಲ ಅಂದ್ರ ಅವರದೂ ಪಿತ್ತ ಅಲ್ಲ. ಹಂಗಾದ್ರ ನಾ ಅವರಿಗೆ ಏನ ಮಾಡಿದಂಗಾತು? ಅದಕ್ಕ ನಾ ಪಿತ್ತ ಪಿತ್ತ ಅಂದೆ. ಅಕ್ಕನ ಕೈ ಸುಡೂತನಾ ಅಂದೆ.”

“ಕಾಶವ್ವಾಯಿ, ಅವರಿಗೆ ಏನಿತ್ತು ಅಂತ ಈಗ ಯಾರಿಗೂ ಹೇಳಾಕ ಆಗೂದಿಲ್ಲ,” ಎಂದಳು ಪ್ರಮಿಳಾ. “ಆಗ ಯಾರೂ ನೋಡಲಿಲ್ಲ, ಅಷ್ಟ. ನಿಮಗ ಗೊತ್ತಿರಲಿಲ್ಲ.”

“ಈಗ ಗೊತ್ತಾತು,” ಎಂದಳು ಕಾಶವ್ವ. ಸೆರಗಿನಿಂದ ಮೂಗು ಒರೆಸಿಕೊಂಡಳು. “ನನಗೂ ಹಾಸಿಗಿ ಬಿಟ್ಟ ಏಳೂ ಹೊತ್ತಿಗೆ ಕಣ್ಣಿಗೆ ಕತ್ತಲಿ ಬರತೈತಿ. ದೀಪಾವಳಿಯಿಂದ. ನಾಳೆ ನನ್ನ ಖಾನಾಪುರಕ್ಕ ಕರಕೊಂಡ ಹೋಗು.”

ಕಾಶವ್ವನದು ಎದೆಯ ತೊಂದರೆ ಆಗಿರಲಿಲ್ಲ. ಎದ್ದು ನಿಂತಾಗ ಅವಳ ಬಿ.ಪಿ. ಒಮ್ಮೆಲೆ ಇಳಿಯುತ್ತಿತ್ತು. ಇಬ್ಬರು ಡಾಕ್ಟರರು ಬೇರೆ ಬೇರೆ ಹೆಸರಿನಲ್ಲಿ ಬರೆದುಕೊಟ್ಟ ಒಂದೇ ಬಿ.ಪಿ. ಗುಳಿಗೆಯನ್ನು ಅವಳು ಎರಡೆರಡು ನುಂಗುತ್ತಿದ್ದಳು. ಒಂದನ್ನು ಬಿಡಿಸಿದರು. ಮಲಗಿಸಿ, ನಿಲ್ಲಿಸಿ ಬಿ.ಪಿ. ನೋಡಿದ್ದಕ್ಕೆ ಐದು ನಿಮಿಷದಲ್ಲಿ ಸಿಕ್ಕ ಉತ್ತರ ಅದು. ಒಬ್ಬೊಬ್ಬರು ಬೀಳುವುದಕ್ಕೆ ಒಂದೊಂದು ಕಾರಣ. ನೋಡದೆ ತಿಳಿಯುವುದಿಲ್ಲ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ವಯಸ್ಸಾದವರು ಇದ್ದಾರೆ. ಅವರ ಹತ್ತಿರ ಕೂತು, ಈ ವರ್ಷ ಎಷ್ಟು ಸಲ ಬಿದ್ದಿರಿ ಎಂದು ಕೇಳಿ. ಮೊದಲ ಸಲ ಕೇಳಿದರೆ ಕಡಿಮೆ ಹೇಳುತ್ತಾರೆ. ಇನ್ನೊಮ್ಮೆ ಕೇಳಿ.

ಅವರು ಬವಳಿ ಬಂದು ಬಿದ್ದರೆ ಮಲಗಿಸಿ, ಕಾಲು ಎತ್ತಿ, ಬಾಯಿಗೆ ಏನೂ ಹಾಕಬೇಡಿ. ಉಸಿರಿಲ್ಲದಿದ್ದರೆ, ಎಚ್ಚರ ಬಾರದಿದ್ದರೆ, ಎದೆ ನೋವು ಎಂದರೆ ಕೂಡಲೇ 108ಕ್ಕೆ ಫೋನು ಮಾಡಿ. ಎದ್ದು ಕೂತು ನಕ್ಕರೂ ಆ ವಾರದೊಳಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೂತಲ್ಲಿ, ಮಲಗಿದಲ್ಲಿ, ಕೆಲಸ ಮಾಡುವಾಗ ಬಿದ್ದಿದ್ದರೆ ಅದೇ ದಿನ ಹೋಗಿ. ಕಂಡವರು ಜೊತೆಗೆ ಹೋಗಿ. ನುಂಗುವ ಗುಳಿಗೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ನಿಂತಾಗಲೂ ಬಿ.ಪಿ. ನೋಡಿರಿ ಎಂದು ಕೇಳಿ. ಒಂದು ಇ.ಸಿ.ಜಿ. ಸರಿಯಿದೆ ಎಂದು ಮನೆಗೆ ಬಂದು ಕೂರಬೇಡಿ. ಇನ್ನೊಂದು ಸಲ ಬನ್ನಿ ಎಂದರೆ ಸುಗ್ಗಿ, ಹಬ್ಬ, ಮದುವೆ ಏನೇ ಇದ್ದರೂ ಹೋಗಿ. ಖರ್ಚಿನ ಭಯವಿದ್ದರೆ ಆಯುಷ್ಮಾನ್ ಕಾರ್ಡು ನಡೆಯುತ್ತದೆಯೇ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ.

ನಿಮ್ಮ ನೇಮ, ವ್ರತ, ಉಪವಾಸ, ನಮಾಜು, ಪೂಜೆ ಯಾವುದೇ ಇರಲಿ, ಪರೀಕ್ಷೆಗೆ ಅಡ್ಡ ಬರುವಂತಿದ್ದರೆ ಮುಚ್ಚಿಡಬೇಡಿ. ಪರೀಕ್ಷೆ ಮಾಡುವವರ ಮುಂದೆ ಹೇಳಿ. ಅವರು ಅವಸರದಲ್ಲಿದ್ದರೆ ಕೈ ಹಿಡಿದು ನಿಲ್ಲಿಸಿ ಹೇಳಿ. ಡಾಕ್ಟರರು ನಮ್ಮ ದೇಹವನ್ನು ನೋಡಬಲ್ಲರು. ಬಚ್ಚಲ ಬಾಗಿಲು ಹಾಕಿಕೊಂಡು ನಾವು ಏನು ಮಾಡಿದೆವು ಎಂಬುದನ್ನು ನಾವೇ ಹೇಳಬೇಕು.